ಫೋಟೋಗೆ ಹಾರ, ಪುಸ್ತಕಕ್ಕೆ ಧೂಳು



ಚಿಕ್ಕಬಳ್ಳಾಪುರವಾಗಲಿ ಗೌರಿಬಿದನೂರಾಗಲಿ, ಸಭೆ ಮುಗಿದು ಹಾಸ್ಟೆಲಿಗೆ ವಾಪಸ್ಸು ಬರೋ ದಾರೀಲಿ ನಮ್ಮ ಹುಡುಗರ ನಡುವೆ ಒಂದು ಜಗಳ ಏಳ್ತದೆ. ದೇವನೂರ ಮಹಾದೇವ ದೊಡ್ಡವರೋ, ಸಿದ್ಧಲಿಂಗಯ್ಯ ದೊಡ್ಡವರೋ? ಒಬ್ಬರು ಸಂತ, ಇನ್ನೊಬ್ಬರು ರಾಜಿಯಾದವರು ಅಂತ ಟೀ ಅಂಗಡೀಲೇ ತೀರ್ಪು. ತೀರ್ಪು ಕೊಟ್ಟವನ ಕೈಯಲ್ಲಿ ಇಬ್ಬರದ್ದೂ ಒಂದು ಪುಸ್ತಕ ಇರಲ್ಲ. ಮೊಬೈಲಿನಲ್ಲಿ ಫೋಟೋ ಮಾತ್ರ ಇರ್ತದೆ.

2015ರ ಶ್ರವಣಬೆಳಗೊಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಗಿರಿ ಮೊದಲು ಮಹಾದೇವರ ಬಳಿಗೆ ಹೋಗಿತ್ತು. ಪ್ರಾಥಮಿಕ ಶಿಕ್ಷಣ ಕನ್ನಡದಲ್ಲಿ ಆಗೋ ತನಕ ಈ ಗೌರವ ಒಲ್ಲೆ ಅಂದರು. ಆ ಕುರ್ಚಿಯಲ್ಲಿ ಸಿದ್ಧಲಿಂಗಯ್ಯ ಕೂತರು. ಅದೇ ವರ್ಷ ಮಹಾದೇವ ಪದ್ಮಶ್ರೀಯನ್ನೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ವಾಪಸ್ಸು ಮಾಡಿದರು. 'ಬೇಡ ಅಂದ ಮಹಾದೇವ' ಅನ್ನೋ ಚಿತ್ರ ಊರೂರಿಗೆ ಹಬ್ಬಿತು. ಯಾಕೆ ಬೇಡ ಅಂದರು ಅನ್ನೋದು ಎಲ್ಲಿ ಹೋಯಿತು? ಕೂಲಿಯವಳ ಮಗಳು ಯಾವ ಭಾಷೇಲಿ, ಎಂಥಾ ಶಾಲೇಲಿ ಓದಬೇಕು ಅನ್ನೋ ಪ್ರಶ್ನೆ ಅದು. ನಮಗೆ ಇಂಗ್ಲಿಷೇ ಬೇಕು ಅನ್ನೋರು ನಮ್ಮಲ್ಲೇ ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಹಾಗಾದರೆ ಮಹಾದೇವರ ಜೊತೆ ವಾದಕ್ಕೆ ಇಳೀರಿ. ಅದು ಅವರಿಗೆ ಕೊಡೋ ಮರ್ಯಾದೆ. ಸಂತನ ಜೊತೆ ಯಾರು ವಾದ ಮಾಡ್ತಾರೆ? ಕಾಲಿಗೆ ಬೀಳ್ತಾರೆ, ಎದ್ದು ಹೋಗ್ತಾರೆ.

ಇನ್ನು ಸಿದ್ಧಲಿಂಗಯ್ಯ. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂದಾಗ ಅದು ಬಾಯಿಂದ ಬಾಯಿಗೆ ಕೇರಿ ಸೇರಿತು. ತಮಟೆ ಇತ್ತು, ಹಾಡು ಇತ್ತು, ಬರೆದವನ ಮುಖ ಹೇಗಿದೆ ಅಂತ ಹಾಡೋರಿಗೆ ಚಿಂತೆ ಇರಲಿಲ್ಲ. ಆಮೇಲೆ ಎರಡು ಸಲ ವಿಧಾನ ಪರಿಷತ್ತಿಗೆ ಹೋದರು. 2021ರಲ್ಲಿ ಕೊರೋನಾದಲ್ಲಿ ತೀರಿಕೊಂಡರು, 2022ರಲ್ಲಿ ಪದ್ಮಶ್ರೀ ಬಂತು. ಅವರ ರಾಜಕೀಯವನ್ನ ಟೀಕೆ ಮಾಡಿ, ಬೇಡ ಅನ್ನಲ್ಲ. ಆದರೆ 'ಊರುಕೇರಿ' ಓದಿ ಮಾಡಿ. ಹಾಸ್ಟೆಲ್ ಹುಡುಗನ ಹಸಿವು, ನಗೆ, ಪುಂಡಾಟ ಎಲ್ಲಾ ಅದರಲ್ಲಿ ಐತೆ. ಅದು ನಮ್ಮದೇ ಕತೆ ಕಣ್ರಪ್ಪಾ!

ಹಳೇದೊಂದು ನೆನಪಿಸಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ದೊಡ್ಡ ದೊಡ್ಡ ಹೆಸರುಗಳ ಮಾನ ಕಾಪಾಡ್ತೀವಿ ಅಂತ ಜನ ಬೀದಿಗೆ ಬಂದರು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಪ್ರಶ್ನೆ ಕೇಳಿ ಏಟು ತಿಂದವರ ಮಕ್ಕಳು ಮೊಮ್ಮಕ್ಕಳು ನಾವು. ನಮ್ಮ ಸಾಹಿತಿಗಳಿಗೂ ಅಂಥದ್ದೇ ಮುಟ್ಟಬಾರದ ಪೀಠ ಕಟ್ಟೋದಾ?

ಹೆಸರಿನ ಮಾತು ಬಂದಿದ್ದಕ್ಕೆ ಕೇಳ್ತೀನಿ. 2000ದ ಮಾರ್ಚ್ 11ರಂದು ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಮಂದಿಯನ್ನ ಮನೆಯೊಳಗೇ ಸುಟ್ಟರು. ಸಾಕ್ಷಿಗಳು ತಿರುಗಿದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಸಾಹಿತಿಗಳ ಪ್ರಶಸ್ತಿ ಪಟ್ಟಿ ಬಾಯಿಪಾಠ ಒಪ್ಪಿಸೋ ನೀವು, ಆ ಏಳು ಹೆಸರಲ್ಲಿ ಎಷ್ಟು ಹೇಳ್ತೀರಿ? ವೇದಿಕೆ ಮೇಲೆ ನಮ್ಮವರೊಬ್ಬರನ್ನ ಕೂರಿಸಿ ಶಾಲು ಹೊದಿಸೋದು ಸರ್ಕಾರಕ್ಕೆ ಸಲೀಸು. ಆ ಶಾಲಿನ ಮರೆಯಲ್ಲಿ ಕಂಬಾಲಪಲ್ಲಿ ಕಾಣಲ್ಲ. ಶಿಡ್ಲಘಟ್ಟದಲ್ಲಿ ಬಿಸಿನೀರಿಗೆ ಕೈ ಹಾಕಿ ರೇಷ್ಮೆ ನೂಲು ಬಿಚ್ಚೋ ನಮ್ಮ ಅಕ್ಕಂದಿರೂ ಕಾಣಲ್ಲ.

ಮುಂದಿನ ಸಭೆಗೆ ಫ್ಲೆಕ್ಸು, ಹಾರ, ಶಾಲು ಅಂತ ಹಾಸ್ಟೆಲುಗಳಲ್ಲಿ ಚಂದಾ ಎತ್ತೋಕೆ ಬರ್ತಾರೆ. ಒಂದು ರೂಪಾಯಿ ಕೊಡಬೇಡಿ. ಆ ದುಡ್ಡಲ್ಲಿ 'ಊರುಕೇರಿ' ಎರಡು ಪ್ರತಿ, 'ಕುಸುಮಬಾಲೆ' ಎರಡು ಪ್ರತಿ ತಂದು ಊಟದ ಮನೇಲಿ ಇಡಿ. ರಾತ್ರಿ ಒಬ್ಬ ಗಟ್ಟಿಯಾಗಿ ಓದಲಿ, ಮಿಕ್ಕೋರು ಅಡ್ಡಬಾಯಿ ಹಾಕಲಿ.