ಕುದುರೆಗೆ ಹುರುಳಿ ಹಾಕುವವರಾರು?

ಕುದುರೆಯ ಶರ್ಯತ್ತೆಂದೊಡನೆ ಸಭ್ಯರು ಮೂಗು ಮುರಿಯುವರು, ಅದು ಸಹಜವೇ. ಜೂಜನ್ನು ಹೊಗಳಲು ನಾವು ಲೇಖನಿಯನ್ನು ಹಿಡಿದಿಲ್ಲ. ಆದರೆ ಸರಕಾರವೇ ಅದಕ್ಕೆ ಅಪ್ಪಣೆಯಿತ್ತು, ಅದರಿಂದ ಉತ್ಪನ್ನವನ್ನೂ ಎತ್ತುತ್ತಿರುವಾಗ, ಆ ಹಣದಲ್ಲಿ ಕುದುರೆಯ ಪಾಲೆಷ್ಟೆಂದು ಕೇಳುವುದು ನ್ಯಾಯವಾಗಿದೆ. ಮೈದಾನಕ್ಕೆ ಬರುವವನು ಪ್ರವೇಶದ ಶುಲ್ಕವನ್ನಾದರೂ ತೆರುತ್ತಾನೆ. ಪೇಟೆಯ ಅಂಗಡಿಯಲ್ಲಿ ಪಣ ಕಟ್ಟುವವನು ಕುದುರೆಯ ಮುಖವನ್ನೇ ಕಾಣನು. ಅವನಿಂದ ಬಂದ ಲಾಭವು ಅಂಗಡಿಯಲ್ಲಿಯೇ ನಿಂತರೆ, ಲಾಯದ ಖರ್ಚು, ಸಾಯಿಸನ ಸಂಬಳ, ಗೆದ್ದ ಕುದುರೆಯ ಬಹುಮಾನ ಇವೆಲ್ಲ ಎಲ್ಲಿಂದ ಬರಬೇಕು?

ಈ ಪ್ರಶ್ನೆಯನ್ನು ಅಲಕ್ಷಿಸಿದುದರ ಫಲವನ್ನು ನ್ಯೂಯಾರ್ಕ್ ನಗರವು ಉಂಡಿತು. 1971ನೆಯ ಏಪ್ರಿಲಿನಲ್ಲಿ ಅದು ತಾನೇ ಪಣದಂಗಡಿಗಳನ್ನು ತೆರೆಯಿತು. ಕಳ್ಳ ಬುಕ್ಕಿಗಳನ್ನು ಮಣಿಸಬೇಕು, ನಗರದ ಬೊಕ್ಕಸ ತುಂಬಬೇಕು ಎಂಬುದು ಹವಣಿಕೆ. ಶರ್ಯತ್ತು ನಡೆಯಿಸುವವರು ಒಬ್ಬರು, ಪೇಟೆಯಲ್ಲಿ ಪಣವೆತ್ತುವವರು ಮತ್ತೊಬ್ಬರು! ಅಂಗಡಿಗಳು ನಮ್ಮ ಪ್ರೇಕ್ಷಕರನ್ನು ಕಸಿದವೆಂದು ಮೈದಾನದವರು ಗೋಳಿಟ್ಟರು. ರಾಜ್ಯಕ್ಕೂ ಮೈದಾನಗಳಿಗೂ ಕಾಯಿದೆಯಂತೆ ಕೊಡುವುದರಲ್ಲಿಯೇ ತಮ್ಮ ಕೈ ಬರಿದಾಯಿತೆಂದು ಅಂಗಡಿಯವರು ಗೊಣಗಿದರು. ಇಬ್ಬರ ಮಾತೂ ಸುಳ್ಳಲ್ಲ. ದಿವಾಳಿಯೆದ್ದ ಆ ಅಂಗಡಿಗಳು 2010ನೆಯ ದಶಂಬರದಲ್ಲಿ ಬಾಗಿಲಿಕ್ಕಿದವು. ಜೂಜಿನ ಮಾಲಿಕನೇ ದಿವಾಳಿಯಾದ ವಿಚಿತ್ರವಿದು.

ಫ್ರಾನ್ಸಿನವರು ಜಾಣರು. 1930ರ ಕಾಯಿದೆಯಿಂದ ಮೈದಾನದ ಹೊರಗಿನ ಪಣಕ್ಕೆ ಅನುಮತಿ ದೊರೆತಾಗ, ಅದನ್ನೆತ್ತುವ ಸಂಸ್ಥೆಯನ್ನು ಶರ್ಯತ್ತಿನ ಸಂಘಗಳೇ ಕಟ್ಟಿಕೊಂಡವು, ಪಿ.ಎಂ.ಯು. ಎಂಬ ಆ ಸಂಸ್ಥೆಯ ಲಾಭವು ಈಗಲೂ ಆ ಸಂಘಗಳಿಗೇ ಸಲ್ಲುತ್ತದೆ. ಇಂಗ್ಲೆಂಡಿನಲ್ಲಿ 1961ರ ಮೇ 1ರಿಂದ ಖಾಸಗಿ ಪಣದಂಗಡಿಗಳು ನ್ಯಾಯಸಮ್ಮತವಾದವು. ಅದೇ ವರ್ಷ ಬುಕ್ಕಿಗಳಿಂದ ವಂತಿಗೆಯೆತ್ತಿ ಶರ್ಯತ್ತಿಗೆ ವಿನಿಯೋಗಿಸಲು ಮಂಡಲಿಯೊಂದು ಸ್ಥಾಪಿತವಾಯಿತು. ಇಂಟರ್‌ನೆಟ್ಟಿನ ಕಾಲದಲ್ಲಿ ಹಲವು ಬುಕ್ಕಿಗಳು ಜಿಬ್ರಾಲ್ಟರಿಗೆ ವ್ಯವಹಾರವನ್ನು ಸಾಗಿಸಿ ವಂತಿಗೆಯಿಂದ ನುಣುಚಿಕೊಂಡರು. 2017ರಲ್ಲಿ ಅವರನ್ನೂ ಹಿಡಿದು ತರಲಾಯಿತು: ಬ್ರಿಟನ್ನಿನ ಶರ್ಯತ್ತುಗಳಿಂದ ಗಳಿಸಿದ ಒಟ್ಟು ಲಾಭದಲ್ಲಿ 5 ಲಕ್ಷ ಪೌಂಡುಗಳನ್ನು ಬಿಟ್ಟು, ಉಳಿದುದರ ಶೇಕಡಾ 10.

ಇನ್ನು ನಮ್ಮ ಮನೆಯ ಮಾತು. ಬೆಂಗಳೂರು, ಮೈಸೂರುಗಳ ಕ್ಲಬ್ಬುಗಳಿಗೂ ಪಣದ ಹಣವೇ ಜೀವಾಳ. ಟೋಟಲೈಸೇಟರ್ ನಡೆಯಿಸುವ ಕ್ಲಬ್ಬು ತನ್ನ ಕಮಿಷನ್ನಿನ ಮೇಲೆ ಮಾತ್ರ ಜಿ.ಎಸ್.ಟಿ. ತೆರತಕ್ಕದ್ದೆಂದು ಕರ್ನಾಟಕದ ಹೈಕೋರ್ಟು 2021ರಲ್ಲಿ ತೀರ್ಪಿತ್ತಿತ್ತು. ಅಷ್ಟರಲ್ಲಿಯೇ ಬಂತು ಹೊಸ ತಿದ್ದುಪಡಿ! 2023ರ ಅಕ್ಟೋಬರ 1ರಿಂದ ಪಣದ ಪೂರ್ಣ ಮೊಬಲಗಿಗೇ ಶೇಕಡಾ 28 ತೆರಿಗೆ. 2025ರ ಸಪ್ಟಂಬರ 22ರಿಂದ ಅದು ಶೇಕಡಾ 40. ಜೂಜಿಗೆ ಇದು ತಕ್ಕ ಶಾಸ್ತಿಯೆಂದು ಹಿಗ್ಗುವವರು ಒಂದನ್ನು ಮರೆತಿದ್ದಾರೆ. ಈ ಭಾರವು ಬೀಳುವುದು ಕಾಯಿದೆಯ ಕಿಟಕಿಯಲ್ಲಿ ಹಣ ಕಟ್ಟುವವನ ಮೇಲೆ. ಓಣಿಯ ಮೂಲೆಯಲ್ಲಿ ಫೋನು ಹಿಡಿದು ಕುಳಿತ ಬುಕ್ಕಿಯು ಅದೇ ಕುದುರೆಯ ಮೇಲೆ ಪಣವೆತ್ತುತ್ತಾನೆ. ಸರಕಾರಕ್ಕೆ ಕಾಸು ಕೊಡನು, ಕುದುರೆಗೆ ಹಿಡಿ ಹುರುಳಿಯನ್ನೂ ಹಾಕನು. ತೆರಿಗೆಯು ಏರಿದಷ್ಟೂ ಗಿರಾಕಿಯು ಆ ಮೂಲೆಯತ್ತ ಸರಿಯುವನು. ಜೂಜನ್ನು ಸಂಪೂರ್ಣವಾಗಿ ನಿಷೇಧಿಸುವ ಧೈರ್ಯವಿದ್ದರೆ ನಿಷೇಧಿಸಲಿ. ಇಲ್ಲವಾದರೆ ತೆರಿಗೆಯನ್ನು ಕಮಿಷನ್ನಿಗೆ ಇಳಿಸಿ, ಹೊರಗಿನ ಪಣದಿಂದ ಲಾಯಕ್ಕೆ ಸಲ್ಲಬೇಕಾದ ಪಾಲನ್ನು ಕಾಯಿದೆಯಲ್ಲಿಯೇ ಗೊತ್ತುಪಡಿಸಲಿ.