ಶೋಧನೆಯ ಅಧಿಕಾರ ಮತ್ತು ಮನೆಯ ಹಕ್ಕು

ಹಗಲೆಲ್ಲ ದುಡಿದು ಬಂದವನು ಬಾಗಿಲು ಮುಚ್ಚಿಕೊಂಡು ನೆಮ್ಮದಿಯಿಂದಿರುವ ನೆಲೆಯೇ ಮನೆ. ಆದರೆ ಕಳವಿನ ಮಾಲಿಗೋ ಅಪರಾಧದ ಆಯುಧಕ್ಕೋ ಅದು ಮರೆಯಾಗಬಾರದು. ಆದ್ದರಿಂದಲೇ ಕಾನೂನು ಪೊಲೀಸರಿಗೆ ಶೋಧನೆಯ ಅಧಿಕಾರವನ್ನಿತ್ತಿದೆ. ಇತ್ತ ಕೈಯಿಂದಲೇ ಅದಕ್ಕೆ ಕಟ್ಟುಪಾಡುಗಳನ್ನೂ ವಿಧಿಸಿದೆ.

1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಈ ಕಟ್ಟುಪಾಡುಗಳನ್ನು ಉಳಿಸಿಕೊಂಡಿದೆ. ವಾರಂಟು ತೋರಿಸಿದಾಗ ಮನೆಯವರು ಬಾಗಿಲು ತೆರೆಯಬೇಕು. ತುರ್ತಿನಲ್ಲಿ ವಾರಂಟಿಲ್ಲದೆ ಶೋಧಿಸುವ ಅಧಿಕಾರಿಯು ಅದರ ಕಾರಣವನ್ನು ಮೊದಲೇ ಬರೆದಿಡಬೇಕು. ನಿಷ್ಪಕ್ಷಪಾತಿಗಳೂ ಗೌರವಸ್ಥರೂ ಆದ ಇಬ್ಬರಾದರೂ ಪಂಚರು ಎದುರಿಗಿರಬೇಕು. ಮನೆಯವರೂ ಹಾಜರಿದ್ದು ನೋಡಬಹುದು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಪಂಚರು ಸಹಿ ಹಾಕಬೇಕು. ಅದರ ಪ್ರತಿಯೊಂದು ಮನೆಯವರಿಗೆ ಸಲ್ಲಬೇಕು. ಸ್ತ್ರೀಯ ಮೈ ಶೋಧನೆಯನ್ನು ಸ್ತ್ರೀಯೇ, ಮರ್ಯಾದೆಗೆ ಕುಂದು ಬಾರದಂತೆ, ನಡೆಸಬೇಕು. ಹೊಸ ಸಂಹಿತೆಯು ಶೋಧನೆಯ ದೃಶ್ಯವನ್ನೂ ಧ್ವನಿಯನ್ನೂ ಮುದ್ರಿಸಿಕೊಳ್ಳಬೇಕೆಂದು ವಿಧಿಸಿದೆ.

ಇಂಥ ನಿಯಮಗಳು ಅಪರಾಧಿಗೇ ರಕ್ಷೆಯೆಂದು ಆಕ್ಷೇಪಿಸುವವರುಂಟು. ಆದರೆ ಶೋಧನೆಗೊಳಗಾದ ಮನೆಗಳೆಲ್ಲ ಅಪರಾಧಿಗಳ ಮನೆಗಳಲ್ಲ. ಪಂಚರೂ ಪಟ್ಟಿಯೂ ಇಲ್ಲದಿದ್ದರೆ, ಬಡವನು ತನ್ನ ಪೆಟ್ಟಿಗೆಯ ಒಡವೆ ಕಾಣೆಯಾಯಿತೆಂದಾಗ ನಂಬುವವರಾರು? ಅಲ್ಲಿರದ ವಸ್ತು ಅಲ್ಲಿಯೇ ಸಿಕ್ಕಿತೆಂದರೆ ಅಲ್ಲಗಳೆಯುವವರಾರು? ಪ್ರಾಮಾಣಿಕ ಅಧಿಕಾರಿಯ ಮೇಲೆ ಸುಳ್ಳು ದೂರು ಬಂದಾಗ ಅವನನ್ನು ಕಾಯುವುದೂ ಆ ಪಟ್ಟಿಯೇ.

ಹಕ್ಕನ್ನು ಅರಿತವನು ಪೊಲೀಸರೊಡನೆ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಶೋಧನೆಗೆ ಅಡ್ಡಿಪಡಿಸದೆ, ಪಟ್ಟಿಯ ಪ್ರತಿಯನ್ನು ವಿನಯದಿಂದ ಕೇಳಿ ಪಡೆಯುವ ಪ್ರಜೆಯು ತನ್ನ ಮನೆಯೊಡನೆ ಕಾನೂನಿನ ಗೌರವವನ್ನೂ ಕಾಯುತ್ತಾನೆ.