ಸೋರುವ ಎಂಜಿನ್ನಿಗೆ ಅಂಟು ಮದ್ದಲ್ಲ

“ಹಳೆಯ ಅಂಬಾಸಿಡರ್ ಎಂದಮೇಲೆ ಆಯಿಲ್ ಸೋರದಿರುತ್ತದೆಯೇ ಸಾರ್?” ಎನ್ನುವ ಶಿಷ್ಯರಿಗೆ ಈ ಮಾತು. ಇದು ಅನುಭವದ ನುಡಿಯಲ್ಲ, ಸೋಮಾರಿತನದ ಸಮರ್ಥನೆ.

ಬಿ.ಎಂ.ಸಿ. ಮೂಲದ ಆ 1489 ಸಿ.ಸಿ. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ರಬ್ಬರ್ ಸೀಲ್ ಇಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ಗೀರು ತಿರುಗುತ್ತ ಆಯಿಲನ್ನು ಒಳಕ್ಕೆ ಮರಳಿಸುತ್ತದೆ. ಬ್ರೀದರ್ ಕೊಳವೆ ಕಟ್ಟಿಕೊಂಡರೆ ಒಳಗಿನ ಒತ್ತಡ ಹೆಚ್ಚಿ, ಆಯಿಲ್ ಆ ಗೀರನ್ನೂ ಮೀರಿ ಹೊರಬಂದು ಕ್ಲಚ್ ಪ್ಲೇಟನ್ನು ನೆನೆಸಬಲ್ಲದು. ಘಟ್ಟದ ಏರಿನಲ್ಲಿ ಕ್ಲಚ್ ಜಾರಿದರೆ ಗತಿಯೇನು?

ಆದರೆ ಅನೇಕರು ಮಾಡುವುದೇನು? ಮೇಲಿನ ಮುಚ್ಚಳದ ನಟ್ಟುಗಳನ್ನು ಶಕ್ತಿಮೀರಿ ಬಿಗಿದು, ಸುತ್ತಲೂ ಅಂಟು ಬಳಿಯುತ್ತಾರೆ. ಅತಿಯಾಗಿ ಬಿಗಿದರೆ ಕಾರ್ಕ್ ಪ್ಯಾಕಿಂಗ್ ಹಿಸುಕಿಹೋಗಿ, ತಗಡಿನ ಮುಚ್ಚಳವೇ ಸೊಟ್ಟಗಾಗುತ್ತದೆ; ಸೋರಿಕೆ ಇಮ್ಮಡಿಸುತ್ತದೆ.

ಮೊದಲು ಎಂಜಿನ್ನನ್ನು ತೊಳೆದು ಒರೆಸಿರಿ. ಸ್ವಲ್ಪ ಹೊತ್ತು ಚಾಲೂ ಇಟ್ಟು, ಒದ್ದೆಯಾದ ಅತಿ ಮೇಲಿನ ಜಾಗವನ್ನು ಹುಡುಕಿರಿ. ಆಯಿಲ್ ಕೆಳಕ್ಕೆ ಹರಿಯುವುದರಿಂದ ಮೂಲ ಸಾಮಾನ್ಯವಾಗಿ ಅಲ್ಲಿಯೇ. ಬ್ರೀದರನ್ನು ಶುಚಿಗೊಳಿಸಿದ ಬಳಿಕವೇ ಪ್ಯಾಕಿಂಗ್ ಬದಲಿಸಿರಿ. 2014ರಲ್ಲಿ ತಯಾರಿಕೆ ನಿಂತುಹೋದ ಕಾರಿದು. ಕೆಡಿಸಿದ ಭಾಗಗಳಿಗೆ ಹೊಸದನ್ನು ಎಲ್ಲಿಂದ ತರುವಿರಿ?

ಲೆಕ್ಕದ ಹಂತಗಳನ್ನು ನೋಡದೆ ಉತ್ತರವನ್ನಷ್ಟೇ ತಿದ್ದುವುದನ್ನು ನಾನು ತರಗತಿಯಲ್ಲಿ ಒಪ್ಪಲಿಲ್ಲ, ಗ್ಯಾರೇಜಿನಲ್ಲೇಕೆ ಒಪ್ಪಲಿ?